ಹುಡುಗಿ ಕಡೆ ವಿಚಾರಣೆ

ನನ್ನ ಮಗನ ಜೊತೆ ಇದ್ದ ರಷ್ಯನ್ ಹುಡುಗಿ ಎಂಥವಳು ಅಂತ ತಿಳ್ಕೊಳ್ಳೋದಕ್ಕೆ ನಾನು ಟ್ಯಾಕ್ಸ್ ಆಫೀಸಿಗೆ ಫೋನ್ ಮಾಡಿದೆ. ನಗಬೇಡಿ ಮಾರಾಯ್ರೇ. ಸ್ವೀಡನ್ನಿನಲ್ಲಿ ಯಾರು ಹುಟ್ಟಿದ್ರು, ಯಾರು ಸತ್ರು, ಯಾರು ಯಾರನ್ನ ಕಟ್ಕೊಂಡ್ರು, ಯಾರು ಬಿಟ್ರು ಅನ್ನೋ ದಾಖಲೆ ಎಲ್ಲ ಆ ಆಫೀಸಿನಲ್ಲೇ ಇರೋದು. ಯಾರು ಬೇಕಾದ್ರೂ ಕೇಳಬಹುದು. ಯಾಕೆ ಬೇಕು ಅಂತ ಅವರು ತಿರುಗಿ ಕೇಳೋದಿಲ್ಲ. ಇಂಥಾ ಸೌಕರ್ಯ ಇರೋ ದೇಶದಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದೂ ನನಗೆ ಗೊತ್ತಿರಲಿಲ್ಲವಲ್ಲ ಅಂತ ಆವತ್ತು ಬೇಜಾರೇ ಆಗಿತ್ತು.

ನಾನು ಉಡುಪಿ ಕಡೆಯವಳು. ಗಂಡನ ಕೆಲಸದ ಬೆನ್ನು ಹಿಡಿದು ಉಪ್ಸಾಲಾಕ್ಕೆ ಬಂದಾಗ ಮಗನಿಗೆ ಒಂಬತ್ತು ವರ್ಷ. ಈಗ ಅವನಿಗೆ ಮೂವತ್ಮೂರು. ಒಬ್ಬನೇ ಮಗ. ಇಲ್ಲೇ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ನನಗೆ ಗುಣಮಟ್ಟ ಪರೀಕ್ಷೆಯ ಕೆಲಸ. ಬಂದ ಪುಡಿಯನ್ನೆಲ್ಲ ಮೊದಲು ಸರಿಯಿಲ್ಲ ಅಂತಲೇ ಅಂದ್ಕೊಂಡು ಶುರು ಮಾಡಬೇಕು, ಸರಿ ಇದೆ ಅಂತ ಆಮೇಲೆ ಅದೇ ಸಾಬೀತು ಮಾಡ್ಕೊಬೇಕು. ಅಂದ್ರೆ ನನಗೆ ಸಂಬಳ ಕೊಡೋದೇ ಅನುಮಾನ ಪಡೋದಕ್ಕೆ. ಮೊಸರಲ್ಲಿ ಕಲ್ಲು ಹುಡುಕುವವಳು ಅಂತ ನನ್ನ ಗಂಡ ತಮಾಷೆ ಮಾಡ್ತಾರೆ. ಸಿಕ್ಕಿದ್ದೂ ಉಂಟು, ಕಲ್ಲು.

ನನಗೆ ಬೇಕಿದ್ದದ್ದು ಒಂದೇ. ಮಗನಿಗೆ ಮದುವೆ ಆಗಬೇಕು, ಅವನಿಗೊಂದು ಮಗು ಆಗಬೇಕು, ಆ ಮಗುವಿಗೆ ನಾನು ಎಣ್ಣೆ ಹಚ್ಚಿ ಸ್ನಾನ ಮಾಡಿಸಬೇಕು. ಹುಡುಗಿ ಯಾವ ದೇಶದವಳಾದ್ರೂ ಪರವಾಗಿಲ್ಲ ಅಂತ ಮನಸ್ಸಿಗೆ ಎಂದೋ ಬುದ್ಧಿ ಹೇಳ್ಕೊಂಡಿದ್ದೆ. ಆದ್ರೆ ಇವರಿಬ್ಬರು ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ರೂ ಮದುವೆಯ ಸುದ್ದಿ ಇಲ್ಲ. ಹಾಗೆ ಇರೋದಕ್ಕೆ ಇಲ್ಲಿ 'ಸಾಂಬೊ' ಅಂತ ಹೆಸರು. ಅದಕ್ಕೂ ಒಂದು ಕಾನೂನು ಇದೆ, ಫಾರಂ ತುಂಬುವಾಗ ಟಿಕ್ ಹಾಕೋದಕ್ಕೆ ಒಂದು ಚೌಕವೂ ಇದೆ. ಊರಿಂದ ಫೋನ್ ಮಾಡಿದವರಿಗೆ ನಾನು 'ಎಂಗೇಜ್‌ಮೆಂಟ್ ಆಗಿದೆ' ಅಂತ ಹೇಳ್ತಿದ್ದೆ. ನಾಲ್ಕು ವರ್ಷದ ಎಂಗೇಜ್‌ಮೆಂಟ್!

ಅವಳು ನಮ್ಮನೆಗೆ ಮೊದಲ ಸಲ ಬಂದ ದಿನವೇ ನನ್ನ ತಲೆಗೆ ಹುಳ ಬಿಟ್ಟಿದ್ದಳು. ಮಗ ಕೆಳಗೆ ಸೈಕಲ್‌ಗೆ ಬೀಗ ಹಾಕ್ತಿದ್ದ. ನಾನು ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ಅವಳ ಕೈಯಲ್ಲಿ ಟ್ಯುಲಿಪ್ ಹೂವಿನ ಕಟ್ಟು. ಬಿಚ್ಚಿ ಎಣಿಸಿದಳು. ಮುರಿದಿದ್ದ ಒಂದು ಹೂವನ್ನ ತೆಗೆದಳು, ಸರಿ. ಆಮೇಲೆ ಚೆನ್ನಾಗೇ ಇದ್ದ ಇನ್ನೊಂದನ್ನೂ ತೆಗೆದು ಕಸದ ಡಬ್ಬಕ್ಕೆ ಹಾಕಿದಳು! ಇದೆಂಥಾ ಜಿಪುಣತನ, ನನಗೆ ಕೊಡೋ ಹೂವಲ್ಲೂ ಕಡಿತ ಮಾಡ್ತಾಳಲ್ಲ ಅಂತ ಮೈ ಉರಿಯಿತು. ವರ್ಷ ಕಳೆದ ಮೇಲೆ ಗೊತ್ತಾಯ್ತು, ಅವರಲ್ಲಿ ಸಮಸಂಖ್ಯೆಯ ಹೂ ಇಡೋದು ಹೆಣಕ್ಕೆ ಮಾತ್ರವಂತೆ. ನೂರರ ಮೇಲೆ ಒಂದು ರೂಪಾಯಿ ಸೇರಿಸಿ ನೂರಾ ಒಂದು ಕೊಡೋ ನಮಗೆ ಅದು ಅರ್ಥ ಆಗಬೇಕಿತ್ತು. ಆದ್ರೆ ಹುಳ ಹೊಕ್ಕ ಮೇಲೆ ಹೊಕ್ಕಿತು.

ಅವಳು ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡ್ತಿದ್ದಳು. ಮಗನಿಗಿಂತ ಒಂದೂವರೆ ವರ್ಷ ಚಿಕ್ಕವಳು. ಮಗ ಹೇಳಿಕೊಟ್ಟಿದ್ದ ಹಾಗೆ ನನ್ನನ್ನ 'ಆಂಟಿ' ಅಂತಿದ್ದಳು, ಉಳಿದ ಮಾತೆಲ್ಲ ಸ್ವೀಡಿಷ್‌ನಲ್ಲಿ. ಕೆಲಸಕ್ಕೆ ಬಗ್ಗುವ ಹುಡುಗಿ, ಅದನ್ನ ಇಲ್ಲ ಅನ್ನೋದಿಲ್ಲ. ನೀರುದೋಸೆ ಹೊಯ್ಯೋದನ್ನ ಎರಡೇ ವಾರದಲ್ಲಿ ಕಲಿತಳು. ಆದ್ರೆ ಊಟದ ಹೊತ್ತಲ್ಲಿ ನಾನು "ಮದುವೆ ಯಾವಾಗ?" ಅಂತ ಕೇಳಿದ್ರೆ ಮಗ "ಆಮೇಲೆ ನೋಡೋಣಮ್ಮ" ಅಂತಿದ್ದ, ಇವಳು ತಟ್ಟೆ ನೋಡ್ತಿದ್ದಳು. ಆ ತಗ್ಗಿಸಿದ ತಲೆಯೇ ನನಗೆ ಸಾಕ್ಷಿ. ಇವಳಿಗೇ ಬೇಡ. ಇವನು ಪಾಪ, ಬಾಯಿ ಮುಚ್ಕೊಂಡು ಇದ್ದಾನೆ.

ಒಂದು ಭಾನುವಾರ ದೋಸೆ ಹೊಯ್ಯುತ್ತಾ, ನಿಮ್ಮ ಕಡೆ ಮದುವೆ ಎಲ್ಲ ಹೇಗೆ ಅಂತ ಬಾಯಿ ಬಿಡಿಸೋದಕ್ಕೆ ನೋಡಿದೆ. ಅವಳು ಹೇಳಿದ್ದನ್ನ ಈಗ ನೆನೆದ್ರೆ, ಅರ್ಧ ನಮ್ಮೂರಿನ ಕಥೆಯೇ. ಅವಳ ಅಜ್ಜಿಗೆ ಹತ್ತೊಂಬತ್ತಕ್ಕೆ ಮದುವೆ. ಅಮ್ಮ ಓದು ಓದು ಅಂತ ಸ್ವಲ್ಪ ತಡ ಮಾಡಿದ್ದಕ್ಕೆ ಹೆರಿಗೆ ಆಸ್ಪತ್ರೆಯ ಕಾಗದದಲ್ಲೇ 'ವಯಸ್ಸು ಮೀರಿದ ಬಸುರಿ' ಅಂತ ಬರೆದಿದ್ರಂತೆ. ಆಗ ಆ ಅಮ್ಮನಿಗೆ ಎಷ್ಟು? ಇಪ್ಪತ್ತೇಳು! "ಆ ಕಾಗದ ಅಮ್ಮನಿಗೆ ಇವತ್ತಿಗೂ ನೋವು. ಅದಕ್ಕೇ ನನಗೆ ಹದಿನೆಂಟು ತುಂಬಿದಾಗಿಂದ ಗಡಿಯಾರ ಓಡ್ತಿದೆ, ಗಡಿಯಾರ ಓಡ್ತಿದೆ ಅಂತಿದ್ದಳು" ಅಂದಳು.

"ಈಗ?" ಅಂದೆ.

"ಈಗ ಯಾರಿಗೂ ಅವಸರ ಇಲ್ಲ ಆಂಟಿ. ಕೆಲವರಿಗೆ ಬೇಕೇ ಇಲ್ಲ. ನನ್ನ ಜೊತೆ ಓದಿದವಳೊಬ್ಬಳು ಮೂರು ಬೆಕ್ಕು ಸಾಕಿದ್ದಾಳೆ, ಅವಳಮ್ಮ ಅವುಗಳಿಗೇ ಸ್ವೆಟರ್ ಹೆಣೀತಾರೆ. ಇನ್ನೊಬ್ಬಳಿಗೆ ಎರಡು ಮಕ್ಕಳು, ಗಂಡ ಯುದ್ಧಕ್ಕೆ ಕರೀತಾರೆ ಅಂತ ಬೇರೆ ದೇಶಕ್ಕೆ ಓಡಿದವನು ಅಲ್ಲೇ ಇನ್ನೊಬ್ಬಳ ಜೊತೆ ಇದ್ದಾನೆ. ಸರ್ಕಾರ ಮಾತ್ರ ಹೆರಿ ಹೆರಿ ಅಂತ ಬಸ್ ಸ್ಟಾಪಲ್ಲೆಲ್ಲ ಪೋಸ್ಟರ್ ಅಂಟಿಸುತ್ತೆ. ಮಕ್ಕಳೇ ಬೇಡ ಅಂತ ಪ್ರಚಾರ ಮಾಡಿದ್ರೆ ದಂಡವಂತೆ ಈಗ."

"ನಿನ್ನ ಅಭಿಪ್ರಾಯ ಏನು?"

ಅವಳು ದೋಸೆ ಮಡಚಿ ತಟ್ಟೆಗೆ ಹಾಕಿದಳು. "ನನ್ನ ಅಭಿಪ್ರಾಯ ನನ್ನೊಬ್ಬಳದೇ ಅಲ್ವಲ್ಲ" ಅಂದಳು. ನನಗೆ ಇನ್ನೇನು ಬೇಕು? ಜಾರಿಕೊಂಡಳು ಅಂತ ತೀರ್ಮಾನ ಮಾಡಿದೆ. ಬೆಕ್ಕು ಸಾಕುವವರ ಗುಂಪಿಗೇ ಸೇರಿದವಳು ಇವಳೂ.

ಊರಲ್ಲಿರೋ ಅಕ್ಕನ ಹತ್ರ ಫೋನಲ್ಲಿ ಗೋಳು ಹೇಳ್ಕೊಂಡೆ. ಅಕ್ಕ ಒಂದೇ ಮಾತು ಕೇಳಿದ್ದು. "ಎಂತ ಮಾರಾಯ್ತಿ, ಹುಡುಗಿ ಕಡೆ ವಿಚಾರಿಸಿದ್ದೀಯಾ ಇಲ್ವಾ?"

ವಿಚಾರಿಸೋದು ಅಂದ್ರೆ ನಮ್ಮಲ್ಲಿ ಸಣ್ಣ ಕೆಲಸ ಅಲ್ಲ. ಸಾವಿರ ಸುಳ್ಳು ಹೇಳಿಯಾದ್ರೂ ಒಂದು ಮದುವೆ ಮಾಡು ಅನ್ನೋ ಜನ ನಾವು. ಹಾಗಾಗಿ ಎದುರಿನವರೂ ಸಾವಿರ ಹೇಳಿರ್ತಾರೆ ಅಂತ ನಮಗೆ ಗೊತ್ತು. ನನ್ನ ಮದುವೆಗೆ ಮೊದಲು ನನ್ನ ಸೋದರಮಾವ ಹಸು ಕೊಳ್ಳೋ ನೆಪದಲ್ಲಿ ಗಂಡಿನ ಊರಿಗೆ ಹೋಗಿದ್ರು. ಇಡೀ ದಿನ ಹೋಟೆಲಲ್ಲಿ ಕೂತು, ಹುಡುಗ ಕುಡೀತಾನಾ, ಮನೆಯಲ್ಲಿ ಯಾರಿಗಾದ್ರೂ ಹುಚ್ಚು ಇದೆಯಾ, ಹಳೇ ಪ್ರೇಮ ಗೀಮ ಇತ್ತಾ ಅಂತೆಲ್ಲ ಪತ್ತೆ ಮಾಡ್ಕೊಂಡು ಬಂದಿದ್ರು. ಇಲ್ಲಿ ಯಾರನ್ನ ಕೇಳೋದು? ಪಕ್ಕದ ಮನೆಯವರು ಲಿಫ್ಟಲ್ಲಿ 'ಹೇ' ಅಂದ್ರೆ ಅದೇ ದೊಡ್ಡ ಸಂಭಾಷಣೆ.

ಲ್ಯಾಬಿನಲ್ಲಿ ಫೀಕಾ ಹೊತ್ತಲ್ಲಿ, ಅಂದ್ರೆ ಎಲ್ಲರೂ ಕೂತು ಕಾಫಿ ಕುಡಿಯೋ ಹೊತ್ತಲ್ಲಿ, ಬೇರೆ ಯಾರದೋ ವಿಷಯ ಅನ್ನೋ ಹಾಗೆ ಮಾತೆತ್ತಿದೆ. ನನ್ನ ಸ್ವೀಡಿಷ್ ಸಹೋದ್ಯೋಗಿ ದಾಲ್ಚಿನ್ನಿ ಬನ್ನು ಅಗಿಯುತ್ತಾ, "ಟ್ಯಾಕ್ಸ್ ಆಫೀಸಿಗೆ ಫೋನ್ ಮಾಡಿದ್ರಾಯ್ತು. ಅದೆಲ್ಲ ಗುಟ್ಟಲ್ಲ" ಅಂದಳು. ಹಸು ಕೊಳ್ಳೋ ನೆಪವೂ ಬೇಕಿಲ್ಲ!

ಮಾರನೇ ದಿನ ಲ್ಯಾಬಿನ ಹಿಂದಿನ ಬೆಂಚಲ್ಲಿ ಕೂತು ಫೋನ್ ಮಾಡಿದೆ. ಅವಳ ಹುಟ್ಟಿದ ದಿನ ಗೊತ್ತಿತ್ತು, ನಾನೇ ಪಾಯಸ ಮಾಡಿದ್ದೆನಲ್ಲ. ಅತ್ತ ಕಡೆ ಒಬ್ಬ ಹುಡುಗ, ಹವಾಮಾನ ವರದಿ ಓದೋ ಧ್ವನಿ. ವಿಳಾಸ ಹೇಳಿದ, ಅದು ಗೊತ್ತಿದ್ದದ್ದೇ. ವೈವಾಹಿಕ ಸ್ಥಿತಿ ಏನು ಅಂದೆ. "ವಿಚ್ಛೇದಿತೆ" ಅಂದ. ಇನ್ನೊಮ್ಮೆ ಹೇಳಪ್ಪ ಅಂದೆ. ಇನ್ನೊಮ್ಮೆ ಅಷ್ಟೇ ತಣ್ಣಗೆ ಹೇಳಿ, "ಕಾಗದ ಪೋಸ್ಟಲ್ಲಿ ಕಳಿಸಲಾ?" ಅಂದ. ಕಳಿಸು ಅಂದೆ. ಸುಳ್ಳು ಹೇಳಬಾರದು, ಆ ಗಾಬರಿಯ ಒಳಗೆ ಒಂದು ಖುಷಿಯೂ ಇತ್ತು. ನೋಡಿದ್ರಾ, ನಾನು ಹೇಳಿರಲಿಲ್ವಾ, ಅನ್ನೋ ಖುಷಿ.

ಕಾಗದ ಬಂತು. ಗಂಡನಿಗೆ ತೋರಿಸಿದೆ. ಅವರು ಕನ್ನಡಕ ಹಾಕ್ಕೊಂಡು ಓದಿ, ಮಡಚಿ, "ಇದನ್ನ ಇಲ್ಲಿಗೇ ಬಿಡು" ಅಂದ್ರು. ನಾನು ಬಿಡ್ತೀನಾ? ಮಗನ ಬಾಳಿನ ಪ್ರಶ್ನೆ. ಇವಳು ಮುಚ್ಚಿಟ್ಟು ಅವನನ್ನ ಆಟ ಆಡಿಸ್ತಿದ್ದಾಳೆ ಅಂತ ಆ ವಾರವೆಲ್ಲ ಕುದ್ದೆ. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಅವರ ಮನೆಗೆ ಹೋದೆ.

ಇಬ್ಬರೂ ಇದ್ದರು. ಕಾಫಿ ಬೇಡ ಅಂದೆ. ಕಾಗದ ತೆಗೆದು ಟೇಬಲ್ ಮೇಲಿಟ್ಟು ಮಗನಿಗೆ ಕನ್ನಡದಲ್ಲಿ, "ಓದು. ನಿನಗೆ ಇದು ಗೊತ್ತಿತ್ತಾ?" ಅಂದೆ.

ಅವನು ಓದಿದ. ಕಿವಿಯವರೆಗೂ ಕೆಂಪಾದ. "ಅಮ್ಮ, ಅವಳು ನನ್ನನ್ನ ಭೇಟಿ ಮಾಡಿದ ಮೊದಲ ವಾರವೇ ಹೇಳಿದ್ದಳು. ನೀನು... ನೀನು ಫೋನ್ ಮಾಡಿದ್ಯಾ ಅವರಿಗೆ?"

ಹುಡುಗಿ ಕಾಗದ ಎಳೆದುಕೊಂಡು ನೋಡಿದಳು. ಅಳ್ತಾಳೆ ಅಂದ್ಕೊಂಡೆ, ಜಗಳಕ್ಕೆ ಬರ್ತಾಳೆ ಅಂದ್ಕೊಂಡೆ. ಅವಳು ನಕ್ಕುಬಿಟ್ಟಳು. "ನಮ್ಮಮ್ಮನೂ ಇದೇ ಮಾಡಿಸಿದ್ದಳು ಆಂಟಿ. ಇಂಡಿಯಾದವನು, ಇಷ್ಟು ವರ್ಷ ಆದ್ರೂ ಮದುವೆ ಮಾತಿಲ್ಲ ಅಂದ್ರೆ ಊರಲ್ಲಿ ಒಬ್ಬಳು ಹೆಂಡತಿ ಇದ್ದೇ ಇರ್ತಾಳೆ ಅಂತ. ನನ್ನ ಕೈಲೇ ಇವನ ಕಾಗದ ತರಿಸಿದಳು. ಅವಿವಾಹಿತ ಅಂತ ಇತ್ತು. ಇದು ಸ್ವೀಡನ್ನಿನ ಕಾಗದ, ಇಂಡಿಯಾದ್ದು ತರಿಸು ಅಂದಳು."

ಏನು ಸೊಕ್ಕು ಆ ಹೆಂಗಸಿಗೆ, ನನ್ನ ಮಗನ ಮೇಲೆ ಅನುಮಾನ! ಅಂತ ಒಂದು ಕ್ಷಣ ಕೋಪ ಬಂತು. ಆಮೇಲೆ ನನ್ನ ಕಾಗದ ನನ್ನ ಎದುರಿಗೇ ಇರೋದು ನೋಡಿ ಸುಮ್ಮನಾದೆ.

ಅವಳೇ ಹೇಳಿದಳು. ಇಪ್ಪತ್ತೊಂದಕ್ಕೆ ಮದುವೆ. ಅಮ್ಮನ ಗಡಿಯಾರದ ಕಾಟಕ್ಕೆ ಆದದ್ದು. ಕ್ಲಾಸಿನಲ್ಲಿ ಎಲ್ಲರೂ ಆಗ್ತಿದ್ರು, ಇವಳೂ ಆದಳು. ಹುಡುಗ ಕೆಟ್ಟವನಲ್ಲ, ಅವನಿಗೂ ಅಮ್ಮ ಹೇಳಿದ್ದಳು, ಅಷ್ಟೇ. ಎರಡು ವರ್ಷಕ್ಕೆ ಇಬ್ಬರೂ ಒಟ್ಟಿಗೇ ಹೋಗಿ ಸಹಿ ಹಾಕಿ, ಹೊರಗೆ ಬಂದು ಐಸ್‌ಕ್ರೀಮ್ ತಿಂದು ಬೇರೆಯಾದ್ರು.

"ಅದಕ್ಕೇ ಈಗ ನಿನಗೆ ಮದುವೆ ಬೇಡ, ಮಗುವೂ ಬೇಡ. ಅಲ್ವಾ? ನೇರ ಹೇಳು" ಅಂದೆ. ಬಂದ ಮೇಲೆ ಪೂರ್ತಿ ಕೇಳಿಯೇ ಹೋಗೋದು ಅಂತ ನನ್ನ ಹಠ.

ಅವಳ ನಗು ಹೋಯ್ತು. ಮಗನ ಕಡೆ ನೋಡಿದಳು. "ನೀನೇ ಹೇಳು. ನಾನು ಎಷ್ಟು ದಿನ ತಲೆ ತಗ್ಗಿಸ್ಕೊಂಡು ಕೂರಲಿ?" ಅಂದಳು.

ಮಗ ಸ್ವೀಡಿಷ್ ಬಿಟ್ಟು ಕನ್ನಡಕ್ಕೆ ಬಂದ. ಅವನು ಕನ್ನಡದಲ್ಲಿ ಗಂಭೀರ ವಿಷಯ ಮಾತಾಡಿದ್ದು ನನಗೆ ನೆನಪೇ ಇಲ್ಲ. "ಅವಳಿಗೆ ಬೇಕಮ್ಮ. ಮದುವೆ, ಮಗು, ಎರಡೂ. ಎರಡು ವರ್ಷದಿಂದ ಕೇಳ್ತಿದ್ದಾಳೆ. ಬೇಡ ಅಂತಿರೋದು ನಾನು."

"ಯಾಕೋ? ಏನಾಗಿದೆ ನಿನಗೆ? ಡಾಕ್ಟರಿಗೆ ತೋರಿಸೋಣ." ಬಾಯಿಗೆ ಬಂದದ್ದು ಅಷ್ಟು.

"ಡಾಕ್ಟರ್ ಎಲ್ಲ ಬೇಡ." ಟೇಬಲ್ ಅಂಚನ್ನ ಉಗುರಲ್ಲಿ ಕೆರೆಯುತ್ತಾ ಕೂತಿದ್ದ. "ನಾವು ಇಲ್ಲಿಗೆ ಬಂದ ಹೊಸತರಲ್ಲಿ, ಅಪ್ಪ ಕೆಲಸದಿಂದ ಬಂದ ಕೂಡಲೇ ನೀನು ನನ್ನ ಕಳಿಸ್ತಿದ್ದೆ. ಅಪ್ಪನ ಫೋನ್ ಇಸ್ಕೊಂಡು ಬಾ, ಹಾವಿನ ಆಟ ಆಡ್ತೀನಿ ಅಂತ ಹೇಳು ಅಂತಿದ್ದೆ. ನಾನು ತಂದು ಕೊಡ್ತಿದ್ದೆ. ನೀನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಅಪ್ಪನ ಮೆಸೇಜ್ ಎಲ್ಲ ಓದ್ತಿದ್ದೆ. ನೆನಪಿದೆಯಾ?"

ನೆನಪಿತ್ತು. ಗಂಡನ ಆಫೀಸಿನಲ್ಲಿ ಒಬ್ಬಳು ಇದ್ದಳು, ಅವರ ಹೆಸರನ್ನ ಮೊಟಕು ಮಾಡಿ ಕರೀತಿದ್ದಳು. ಭಾಷೆ ಬರ್ತಿರಲಿಲ್ಲ, ಕೆಲಸ ಇರಲಿಲ್ಲ, ನಾಲ್ಕು ಗಂಟೆಗೆಲ್ಲ ಹೊರಗೆ ಕತ್ತಲು. ನನಗೆ ಬೇರೆ ಏನು ಮಾಡೋದಕ್ಕಿತ್ತು? ಇದನ್ನೆಲ್ಲ ಹೇಳಬೇಕು ಅಂದ್ಕೊಂಡೆ, ಅಷ್ಟರಲ್ಲಿ ಅವನೇ ಮುಂದುವರಿದ.

"ಈಗ ನಾನೂ ಅವಳ ಫೋನ್ ನೋಡ್ತೀನಿ ಅಮ್ಮ. ಅವಳು ಲ್ಯಾಬಿಂದ ಬರೋದು ಅರ್ಧ ಗಂಟೆ ತಡವಾದ್ರೆ ಬಸ್ ಟೈಮ್ ಚೆಕ್ ಮಾಡ್ತೀನಿ. ಅವಳಿಗೆ ಗೊತ್ತು. ಬಿಡ್ತೀನಿ ಅಂತ ಎಷ್ಟೋ ಸಲ ಹೇಳಿದ್ದೀನಿ, ಬಿಡೋಕಾಗಿಲ್ಲ. ಇದಕ್ಕೆ ಒಂದು ಮಗುವನ್ನ ಬೇರೆ ತರಬೇಕಾ? ನನಗೆ ಬೇಡ."

ಹುಡುಗಿಗೆ ಕನ್ನಡ ಬರೋದಿಲ್ಲ. ಆದ್ರೂ ಅವನು ಮುಗಿಸೋ ಹೊತ್ತಿಗೆ ಅವಳು ಆ ಕಾಗದವನ್ನ ಮಡಚಿ ಮೆಲ್ಲಗೆ ನನ್ನ ಬ್ಯಾಗಿನೊಳಗೆ ಇಟ್ಟಳು. ನಾನು ಹೇಗೆ ಎದ್ದೆ, ಯಾವ ಬಸ್ ಹತ್ತಿದೆ, ಒಂದೂ ಸರಿಯಾಗಿ ನೆನಪಿಲ್ಲ.

ಗಂಡನಿಗೆ ನಾನು ಏನೂ ಹೇಳಲಿಲ್ಲ. ಮಗನಿಗೇ ಸ್ವಲ್ಪ ಮನಸ್ಸಿಲ್ಲವಂತೆ ಅಂತ ತೇಲಿಸಿದೆ. ಒಳಗೊಳಗೇ ಲೆಕ್ಕ ಹಾಕ್ತಿದ್ದೆ: ಇಲ್ಲ, ಇದು ಅವಳೇ ಹೇಳಿಕೊಟ್ಟ ಮಾತು, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಬಂತು, ಅವಳು ತಪ್ಪಿಸಿಕೊಳ್ಳೋದಕ್ಕೆ ಇವನ ಬಾಯಲ್ಲಿ ಆಡಿಸ್ತಿದ್ದಾಳೆ. ನನ್ನ ಬುದ್ಧಿ ನೋಡಿ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಏಪ್ರಿಲ್‌ನಲ್ಲಿ ಅವಳೇ ಫೋನ್ ಮಾಡಿದಳು. ಯೋನ್‌ಶೋಪಿಂಗ್‌ನಲ್ಲಿ ಕೆಲಸ ಸಿಕ್ಕಿದೆ, ಈ ಊರು ಬಿಟ್ಟು ಹೋಗ್ತಿದ್ದೀನಿ, ಒಬ್ಬಳೇ, ಅಂದಳು.

"ಇನ್ನು ಸ್ವಲ್ಪ ದಿನ ನೋಡಬಹುದಿತ್ತಲ್ಲ" ಅಂದೆ. ನಾನೇ ಅಂದೆ, ಈ ಬಾಯಲ್ಲೇ.

"ನನಗೆ ಮೂವತ್ತೆರಡಾಯ್ತು ಆಂಟಿ. ಅಮ್ಮ ಹೆರು ಅಂದಾಗ, ಸರ್ಕಾರ ಹೆರು ಅಂದಾಗ ನನಗೆ ಬೇಡವಾಗಿತ್ತು. ಇಲ್ಲಿ ನನಗೆ ಯಾರೂ ಏನೂ ಹೇಳಲಿಲ್ಲ, ನನಗೇ ಬೇಕು ಅನ್ನಿಸಿತು. ಅವನ ಮಗುವೇ ಬೇಕು ಅನ್ನಿಸಿತ್ತು." ಆಮೇಲೆ "ಅವನನ್ನ ಬೈಬೇಡಿ" ಅಂತ ಹೇಳಿ ಇಟ್ಟಳು.

ಅತ್ತುಬಿಟ್ಟೆ. ಇಪ್ಪತ್ತನಾಲ್ಕು ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ. ಆವತ್ತು ಶನಿವಾರ, ನಮ್ಮ ಬಟ್ಟೆ ಒಗೆಯೋ ಸರದಿ. ಇಲ್ಲಿ ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಒಗೆಯೋ ಕೋಣೆ, ಅತ್ತರೂ ಸತ್ತರೂ ಬುಕ್ ಮಾಡಿದ ಹೊತ್ತಿಗೆ ಇಳಿಯಲೇಬೇಕು. ಗಂಡ ಆಗಲೇ ಅಲ್ಲಿದ್ದರು. ಬೆಡ್‌ಶೀಟಿನ ಆ ತುದಿ ಅವರು ಹಿಡಿದ್ರು, ಈ ತುದಿ ನಾನು ಹಿಡಿದೆ. ಆಗ ಎಲ್ಲ ಹೇಳಿದೆ. ಹುಡುಗಿ ಹೋದದ್ದು, ಮಗ ಹೇಳಿದ್ದು, ಫೋನಿನ ವಿಷಯ, ಎಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದು ಬಾಯಿಬಿಡುವಾಗ ನಾಚಿಕೆಯಿಂದ ಅವರ ಮುಖ ನೋಡಲಿಲ್ಲ.

"ಗೊತ್ತಿತ್ತು" ಅಂದ್ರು.

"ಗೊತ್ತಿತ್ತಾ! ಮತ್ತೆ ಯಾಕ್ರೀ ಕೊಡ್ತಿದ್ರಿ ಫೋನು? ಒಂದು ದಿನ ಇಲ್ಲ ಅನ್ನಬಾರದಿತ್ತಾ? ನನಗೆ ಎರಡು ಬೈದು ಬುದ್ಧಿ ಹೇಳಬಾರದಿತ್ತಾ?"

"ಕೊಡದಿದ್ರೆ ಅದರಲ್ಲಿ ಏನೋ ಇದೆ ಅಂತ ಆಗ್ತಿತ್ತು. ಏನೂ ಇಲ್ಲ ಅಂದಿದ್ರೆ ನೀನು ನಂಬ್ತಿದ್ದೆಯಾ?"

ಬೆಡ್‌ಶೀಟ್ ಅರ್ಧಕ್ಕೆ ಮಡಚಿ ಅವರ ಹತ್ತಿರ ಹೋದೆ, ತುದಿಗೆ ತುದಿ ಸೇರಿಸಿದೆವು.

"ನೀನು ಓದಿ ಮುಗಿಸಿದ ಮೇಲೆ ಅವನೇ ವಾಪಸ್ ತಂದು ಕೊಡ್ತಿದ್ದ" ಅಂದ್ರು. "ಆಟದಲ್ಲಿ ಎಷ್ಟು ಪಾಯಿಂಟ್ ಬಂತು ಮಗಾ ಅಂತ ಕೇಳ್ತಿದ್ದೆ. ಪಾಪ, ಪ್ರತಿ ದಿನ ಒಂದೊಂದು ಸಂಖ್ಯೆ ಯೋಚನೆ ಮಾಡ್ಕೊಂಡೇ ಬಂದಿರ್ತಿದ್ದ."